ಬಿಳಿ ಎಮ್ಮೆಗೆ ಒಂದು ಹಿಡಿ ಬೂದಿ

ಗುಜರಿಯವನು ನಮ್ಮ ಓಣಿಗೆ ಬರುವಾಗ ಮೊದಲು ಅವನ ಧ್ವನಿ ಬರುತ್ತದೆ, ಆಮೇಲೆ ಅವನು ಬರುತ್ತಾನೆ. ಧ್ವನಿಯನ್ನು ಒಂದು ಸಣ್ಣ ಡಬ್ಬಿಯೊಳಗೆ ತುಂಬಿ ತಳ್ಳುಗಾಡಿಗೆ ಕಟ್ಟಿದ್ದಾನೆ. ಹಳೇ ಕಬ್ಬಿಣ, ಹಳೇ ಪಾತ್ರಿ, ಕೆಟ್ಟ ಫ್ರಿಜ್ಜು, ಕೆಟ್ಟ ಟೀವಿ ಎಂದು ಅದು ಒಂದೇ ಸಮನೆ ಕೂಗುತ್ತದೆ. ಅವನು ಮಾತ್ರ ದವಡೆಯಲ್ಲಿ ಅಡಿಕೆ ಇಟ್ಟುಕೊಂಡು ಮೌನವಾಗಿ ತಳ್ಳುತ್ತಾನೆ. ಇವತ್ತು ಬೆಳಿಗ್ಗೆ ಅವನನ್ನು ನಾನೇ ಕರೆದು ನಿಲ್ಲಿಸಿದೆ. ಹೂವಿನಹಡಗಲಿಯಿಂದ ನಾದಿನಿ ಗೌರಿ ಫೋನಿನಲ್ಲಿ ಎಷ್ಟು ದಿನದಿಂದ ಹೇಳುತ್ತಿದ್ದಳು. "ಅತ್ತಿಗಿ, ಅಣ್ಣ ಹೋದ. ಇನ್ನ ಆ ಎಮ್ಮಿನೂ ಕಳಿಸಿಬಿಡು. ಅದನ್ನ ನೋಡಿದಾಗೊಮ್ಮೆ ಅಳಾದು ಯಾತಕ್ಕ?"

ಎಮ್ಮೆ ಎಂದರೆ ಎಮ್ಮೆಯಲ್ಲ. ನಮ್ಮ ಹಿತ್ತಲ ಬಾಗಿಲ ಪಕ್ಕ, ಬಚ್ಚಲ ಗೋಡೆಗೆ ಒತ್ತಿಕೊಂಡು ನಿಂತಿರುವ ಪಾತ್ರೆ ತೊಳೆಯುವ ಯಂತ್ರ. ನೀವು ಈಗ ಟೀವಿಯಲ್ಲಿ ನೋಡುವ ಜಾತಿಯದಲ್ಲ. ಮುಂದೆ ಬಾಗಿಲಿಲ್ಲ, ಗುಂಡಿ ಒತ್ತಿದರೆ ಹಾಡು ಹೇಳುವುದಿಲ್ಲ. ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆ. ಮೇಲೆಲ್ಲ ಬಿಳಿ ಎನಾಮೆಲ್. ಬಾಯಿ ನೆತ್ತಿಯ ಮೇಲಿದೆ. ಬಿಂದಿಗೆಗಟ್ಟಲೆ ನೀರು ಕುಡಿಯುತ್ತದೆ, ಕುಡಿದ ಮೇಲೆ ನರಳುತ್ತದೆ. ನಮ್ಮ ಅತ್ತೆ ಅದಕ್ಕೆ ಬಿಳೇ ಎಮ್ಮಿ ಎಂದು ಹೆಸರಿಟ್ಟದ್ದು ಬೈಗುಳವಾಗಿ. ಆಮೇಲೆ ಅದೇ ಅವರ ಬಾಯಲ್ಲಿ ಮುದ್ದಿನ ಹೆಸರಾಯಿತು.

ಗುಜರಿಯವನು ಬೆರಳ ಗೆಣ್ಣಿನಿಂದ ಅದರ ಪಕ್ಕೆ ತಟ್ಟಿದ. "ಅಮ್ಮಾ, ಇದು ಒಬ್ಬನ ಕೈಲೆ ಏಳಾದಲ್ಲ. ಆ ಕಡಿ ಓಣಿ ಮುಗಿಸಿ ಇನ್ನೊಬ್ಬನ್ನ ಕರಕೊಂಡು ಬರ್ತೀನಿ" ಎನ್ನುತ್ತ ಮುಚ್ಚಳಕ್ಕೆ ಕೈ ಹಾಕಿದ. ನಾನು ಮುಚ್ಚಳದ ಮೇಲೆ ಅಂಗೈ ಊರಿದೆ.

"ತೆಗಿಬ್ಯಾಡಪ್ಪ."

"ಯಾಕಮ್ಮ, ಒಳಗೇನೈತಿ?"

"ಪಾತ್ರಿ ಅದಾವ."

ಅವನು ನನ್ನ ಮುಖ ನೋಡಿದ. ಏನು ತಿಳಿದುಕೊಂಡನೋ, ಗಾಡಿ ತಳ್ಳಿಕೊಂಡು ಹೋದ.

ಪಾತ್ರೆ ಇರುವುದು ನಿಜ. ಕೊನೆಯ ಸಲ ನಮ್ಮನೆಯವರೇ ಜೋಡಿಸಿಟ್ಟದ್ದು. ಚಹಾ ಕುಡಿದು, ತಮ್ಮ ಗಾಜಿನ ಲೋಟವನ್ನೂ ಉಳಿದವುಗಳ ಜೊತೆ ಬೋರಲು ಹಾಕಿದರು. ತೊಳೆತ ಮುಗಿಸಿ ಕೊನೆಯ ಸುತ್ತಿನ ನೀರು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಎಮ್ಮೆಯ ನರಳಾಟ ನಿಂತಿತು. "ಆತೇನ್ರಿ?" ಎಂದು ನಾನು ಒಳಗಿನಿಂದ ಕೇಳಿದೆ. ಆತು ಎನ್ನಬೇಕಾದವರು ಕುರ್ಚಿಯಲ್ಲೇ ತಲೆ ವಾಲಿಸಿದ್ದರು. ಅವತ್ತಿನಿಂದ ಆ ಮುಚ್ಚಳವನ್ನು ಯಾರೂ ತೆಗೆದಿಲ್ಲ. ಬಂದ ನೆಂಟರಿಗೆ ಮಾಡಿದ ಅಡಿಗೆಯ ಪಾತ್ರೆಯನ್ನೆಲ್ಲ ಬಚ್ಚಲಲ್ಲಿ ಕೂತು ಕೈಯಲ್ಲೇ ತೊಳೆದದ್ದಾಯಿತು.

ಗುಜರಿಯವನು ತಿರುಗಿ ಬರುವುದರೊಳಗೆ ನಾನದನ್ನು ತೆಗೆದು ಪಾತ್ರೆ ಎತ್ತಿಟ್ಟುಕೊಳ್ಳಬೇಕು. ಅಷ್ಟೇ ಕೆಲಸ. ಆ ಕೆಲಸ ಮುಂದೆ ಹಾಕುವುದಕ್ಕೇ ನಿಮ್ಮನ್ನು ಮಾತಿಗೆ ಎಳೆಯುತ್ತಿದ್ದೇನೆ. ಬನ್ನಿ, ಹಿತ್ತಲ ಕಟ್ಟೆಯ ಮೇಲೆ ಇನ್ನೂ ನೆರಳಿದೆ.

ನಾನು ಹರಪನಹಳ್ಳಿ ಸೀಮೆಯವಳು. ಉಚ್ಚಂಗಿದುರ್ಗದ ಗುಡ್ಡ ಕಾಣುವ ಊರಲ್ಲಿ ಏಳನೇ ತರಗತಿ ಓದಿದೆ. ಅದಕ್ಕಿಂತ ಹೆಚ್ಚು ಓದಿದರೆ ಗಂಡು ಹುಡುಕುವುದು ಕಷ್ಟ ಎಂದು ಅಲ್ಲಿಗೆ ನಿಲ್ಲಿಸಿದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಈ ಹಗರಿಬೊಮ್ಮನಹಳ್ಳಿಗೆ ಬಂದೆ. ನಮ್ಮನೆಯವರ ಹೆಸರು ಕೊಟ್ರೇಶಿ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವ ಅಂಗಡಿ. ಹಂಪಸಾಗರದ ಹೊಳೆದಂಡೆಯ ರೈತರು ಎತ್ತಿನ ಗಾಡಿಯಲ್ಲಿ ಮೋಟರು ಹೇರಿಕೊಂಡು ಬರುತ್ತಿದ್ದರು. ಇವರು ಅದರ ಹೊಟ್ಟೆ ಬಿಚ್ಚಿ, ಮೂಸಿ ನೋಡಿ, ಯಾವ ರಾತ್ರಿ ಯಾವ ಫೇಸು ಹೋದಾಗ ಸುಟ್ಟಿತೆಂದು ರೈತರಿಗೇ ಬೈಯುತ್ತಿದ್ದರು. ಊರವರಿಗೆ ಬೈಯುವ ಈ ಮನುಷ್ಯ ಮನೆಗೆ ಬಂದರೆ ಅವ್ವನ ಮುಂದೆ ಬೆಕ್ಕು.

ಅತ್ತೆ ಹೊಸಹಳ್ಳಿ ಕಡೆಯ ಹೆಣ್ಣುಮಗಳು. ಕೆಟ್ಟವರು ಎನ್ನಲಾರೆ. ಅವರಿಗೆ ಪಾತ್ರೆಯ ಹುಚ್ಚು. ಸಗಣಿ ಕುಳ್ಳಿನ ಬೂದಿಯನ್ನು ಜರಡಿ ಹಿಡಿದು, ತೆಂಗಿನ ನಾರಿನಲ್ಲಿ ತಿಕ್ಕಿ, ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಬಿಸಿಲಿಗೆ ಇಟ್ಟರೆ ಹಾದಿಯಲ್ಲಿ ಹೋಗುವವರು ಕಣ್ಣು ಕಿರಿದು ಮಾಡಿಕೊಂಡು ಹೋಗಬೇಕು. "ಗಂಗಾಳದಾಗ ಮುಖ ಕಂಡ್ರ ಸಾಲದು" ಎನ್ನುತ್ತಿದ್ದರು, "ಮೂಗಿನ ಮ್ಯಾಗಿನ ಬೆವರೂ ಕಾಣಬೇಕು." ಊಟದ ಗಂಗಾಳಗಳ ಮುಸುರೆ ಬೇರೆ, ಹಾಲು ಮಜ್ಜಿಗೆಯ ಪಾತ್ರೆ ಬೇರೆ, ದೇವರ ಸಾಮಾನು ಬೇರೆ. ಒಂದರ ನೀರು ಇನ್ನೊಂದಕ್ಕೆ ಸಿಡಿಯಬಾರದು.

ಆ ಹುಚ್ಚಿಗೆ ನನ್ನ ಕೈ ಸಿಕ್ಕಿತು. ನಮ್ಮೂರ ನೀರು ಸಿಹಿ. ಇಲ್ಲಿಯದು ಸವುಳು; ಬಾಯಿಗೆ ಹಾಕಿದರೆ ನಾಲಿಗೆ ಮುದುಡುತ್ತಿತ್ತು. ಸವುಳು ನೀರು, ಬೂದಿ, ನಾರು ಮೂರೂ ಸೇರಿ ಕೆಲವೇ ತಿಂಗಳಲ್ಲಿ ನನ್ನ ಬೆರಳ ಸಂದಿಯೆಲ್ಲ ಬಿರಿದವು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು. ರೊಟ್ಟಿ ಬಡಿಯಲಾರದ ಸೊಸೆ ಈ ಸೀಮೆಯಲ್ಲಿ ಯಾತಕ್ಕೆ ಬಂದಾಳು? ಅತ್ತೆ ತಮ್ಮ ಅಂಗೈ ತೋರಿಸಿ, "ನನ್ನ ಕೈಯಾಗೇನು ಮಲ್ಲಿಗಿ ಅರಳ್ಯಾವೇನು? ತಡಿ, ಬೂದಿ ಮುಟ್ಟಿ ಮುಟ್ಟಿ ಗಟ್ಟಿ ಆಗ್ತಾವ" ಎನ್ನುತ್ತಿದ್ದರು. ಅವರ ಅಂಗೈ ನಿಜಕ್ಕೂ ಹಳೇ ಚಪ್ಪಲಿಯ ಅಟ್ಟೆಯಂತಿತ್ತು. ನಮ್ಮನೆಯವರು ಸಂಜೆ ನನ್ನ ಬೆರಳುಗಳಿಗೆ ಎಣ್ಣೆ ಹಚ್ಚಿ, ಮೋಟರಿಗೆ ಸುತ್ತುವ ಹತ್ತಿಯ ಪಟ್ಟಿಯನ್ನೇ ಸುತ್ತುತ್ತಿದ್ದರು. "ಈ ಕೈಗೆ ಮಾತು ಬರಂಗಿದ್ರ ನನ್ನ ಏನೇನು ಬೈತಿದ್ವೋ" ಎಂದು ಒಮ್ಮೆ ಹೇಳಿದರು. ಅಷ್ಟರ ಮೇಲೆ ಹೆಚ್ಚು ಮಾತಾಡುವ ಮನುಷ್ಯ ಅವರಲ್ಲ.

ಮಾತಾಡದವರು ಒಮ್ಮೊಮ್ಮೆ ಎಂಥ ಕೆಲಸ ಮಾಡಿಬಿಡುತ್ತಾರೆ ನೋಡಿ. ಹೊಸಪೇಟೆಯ ಆಚೆ ಯಾವುದೋ ಗಣಿಯವರ ಅತಿಥಿಗೃಹದ ಪಂಪು ರಿಪೇರಿಗೆಂದು ಹೋದವರು ಸಂಜೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒಂದು ಬಿಳಿ ಪೆಟ್ಟಿಗೆಯನ್ನು ಅಪ್ಪಿಕೊಂಡು ಬಂದರು. ಹಿಂದೆ ಅಲ್ಲಿದ್ದ ಪರದೇಶದ ಇಂಜಿನಿಯರೊಬ್ಬ ಬಿಟ್ಟುಹೋದ ವಸ್ತುವಂತೆ. ಅವನು ಹೋದ ಮೇಲೆ ಕಾವಲುಗಾರ ಅದರಲ್ಲಿ ಜೋಳ ತುಂಬಿಟ್ಟಿದ್ದ. "ಇಲಿ ಹೊಕ್ಕಂಗಿಲ್ಲರಿ, ಭಾರೀ ಚಲೋ ಡಬ್ಬಿ" ಎಂದು ಕೊಡುವಾಗ ಕೊಂಚ ಬೇಜಾರು ಮಾಡಿಕೊಂಡನಂತೆ.

ಟ್ರೇಲರು ಓಣಿಗೆ ತಿರುಗುವುದರೊಳಗೆ ಸುದ್ದಿ ಮುಂದೆ ಓಡಿತ್ತು. ಕೊಟ್ರೇಶಿ ಐಸ್ ಪೆಟ್ಟಿಗೆ ತಂದನೆಂದು ಮಕ್ಕಳು ಲೋಟ ಹಿಡಿದು ನಿಂತವು. ಯಾರೋ ಮುದುಕಿ ಯಾವುದಕ್ಕೂ ಇರಲಿ ಎಂದು ಕೈಮುಗಿದಳು. ಅತ್ತೆ ಹೊಸ್ತಿಲಲ್ಲಿ ಸೆರಗು ಸಿಗಿಸಿಕೊಂಡು ನಿಂತಿದ್ದರು.

"ಏನ್ಲೇ ಕೊಟ್ರಾ ಇದು?"

"ಪಾತ್ರಿ ತೊಳಿತೈತವ್ವ."

"ಯಾರು?"

"ಇದೇ."

"ಇದಕ್ಕ ಕೈ ಎಲ್ಲದಾವ?"

"ಒಳಗದಾವವ್ವ."

ಅತ್ತೆ ಬಗ್ಗಿ ಒಳಗೆ ನೋಡಿದರು. ಎರಡು ತಂತಿಯ ಬುಟ್ಟಿ, ತಳದಲ್ಲಿ ಒಂದು ಜರಡಿ, ಅದರ ಕೆಳಗೆ ಸಣ್ಣ ರೆಕ್ಕೆ. ಅಲ್ಲಿ ಇಲ್ಲಿ ಜೋಳದ ಕಾಳು. "ಕೈ ಇಲ್ಲ, ಕಾಲಿಲ್ಲ" ಎಂದು ತಲೆ ಎತ್ತಿದರು. "ಬರೀ ಹೊಟ್ಟಿ ಐತಿ. ನಿಮ್ಮಪ್ಪನ ಕಡ್ಯಾರಂಗ."

ಅದರ ಮೋಟರು ಯಾವುದೋ ದೇಶದ ಕರೆಂಟಿಗೆ ಸುತ್ತಿದ್ದು. ಅದನ್ನು ಬಿಚ್ಚಿ ನಮ್ಮ ಕರೆಂಟಿಗೆ ಒಪ್ಪುವಂತೆ ಸುತ್ತಲು ಇವರಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಮುಖದ ಮೇಲಿದ್ದ ತಿರುಗಣೆಯ ಸುತ್ತ ಯಾರಿಗೂ ಓದಲು ಬಾರದ ಅಕ್ಷರಗಳಿದ್ದವು. ತಿರುಗಿಸಿದರೆ ಗಡಿಯಾರದಂತೆ ಟಿಕ್ ಟಿಕ್ ಎಂದು, ಆಮೇಲೆ ಗುರ್ ಎಂದು ನರಳಿ ರೆಕ್ಕೆ ಗಿರಗಿರ ತಿರುಗಿತು. ಇವರು ನನ್ನ ಕಡೆ ನೋಡಿದ ನೋಟ! ಮದುವೆಯ ಮಂಟಪದಲ್ಲೂ ಹಾಗೆ ನೋಡಿರಲಿಲ್ಲ.

ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಸುರಿದೆವು. ಪಾತ್ರೆಗಳನ್ನೆಲ್ಲ ಮೇಲ್ಮುಖವಾಗಿ, ಮದುವೆಮನೆಯಲ್ಲಿ ಪಂಕ್ತಿ ಹಾಕಿದಂತೆ ಇಟ್ಟೆವು. "ಬೋರಲ ಹಾಕಿದ ಚರಿಗ್ಯಾಗ ನೀರು ಹೆಂಗ ಹೊಕ್ಕಾವು?" ಎಂಬ ಅತ್ತೆಯ ಮಾತು ಮೂವರಿಗೂ ಸರಿ ಎನ್ನಿಸಿತ್ತು. ಕೆಳಗಿನಿಂದ ಮೇಲಕ್ಕೆ ನೀರು ಎರಚುವ ಪದ್ಧತಿ ನಾವು ಯಾರು ಕಂಡಿದ್ದೆವು? ಮುಚ್ಚಳ ತೆಗೆದಾಗ ಪ್ರತಿಯೊಂದು ಚರಿಗೆಯೂ ಕೊಳೆ ನೀರು ತುಂಬಿಕೊಂಡು ಗಂಭೀರವಾಗಿ ಕೂತಿತ್ತು. ನನ್ನ ಗಂಗಾಳದ ರೊಟ್ಟಿ ಚೂರು ಇವರ ಗಂಗಾಳಕ್ಕೆ ಹೋಗಿತ್ತು, ಇವರ ಪಲ್ಯದ ಕರಿಬೇವು ಅತ್ತೆಯ ಮಜ್ಜಿಗೆ ಲೋಟದ ಅಂಚಿಗೆ ಅಂಟಿತ್ತು.

"ಎಂಜಲ ಹಂಚಾಕ ಮಷೀನು ತಂದೀ ಏನ್ಲೇ" ಎಂದರು ಅತ್ತೆ.

ಮರುದಿನ ಇವರು ಬಟ್ಟೆ ಒಗೆಯುವ ಪುಡಿ ಹಾಕಿದರು. ಹಾಕುವಾಗ ಕೈ ಧಾರಾಳ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸುತ್ತ ಬಿಳಿ ಮೀಸೆ ಮೂಡಿತು; ಆಮೇಲೆ ಗಡ್ಡ. ಆಮೇಲೆ ಗಡ್ಡ ನೆಲಕ್ಕಿಳಿದು, ಹೊಸ್ತಿಲು ದಾಟಿ, ಹಿತ್ತಲಿಗೆ ನಡೆಯಿತು. ನಮ್ಮ ಹುಂಜ ಅದರ ಮೇಲೆ ಜಗಳಕ್ಕೆ ಹೋಗಿ ಪೂರ್ತಿ ಮುಳುಗಿಹೋಯಿತು. ನೊರೆಯ ಗುಡ್ಡದೊಳಗಿನಿಂದ ಅದು ಕೂಗುವುದು ಮಾತ್ರ ಕೇಳುತ್ತಿತ್ತು. ಪಕ್ಕದ ಮನೆ ಪಾತ್ರೆಗೆ ಕಲಾಯಿ ಹಾಕುವ ಮಾಬುಸಾಬರದು. ಅವರು ಗೋಡೆಯ ಮೇಲಿಂದ ಕತ್ತು ಚಾಚಿ, ತುಸುವೂ ನಗದೆ, "ಕೊಟ್ರೇಶಣ್ಣಾ, ಹಾಲು ಉಕ್ಕಾಕತ್ತೈತಿ ನೋಡ್ರಿ, ಬೆಂಕಿ ಸಣ್ಣ ಮಾಡ್ರಿ" ಎಂದರು. ನನಗೆ ನಗು ತಡೆಯಲಾಗದೆ ನೊರೆಯಲ್ಲಿ ಕಾಲು ಜಾರಿ ಕೂತೇಬಿಟ್ಟೆ. ಹೊಸ ಸೊಸೆ ಅತ್ತೆಯ ಮುಂದೆ ಹಾಗೆ ನೆಲಕ್ಕೆ ಕೂತು ನಗಬಾರದು. ಆದರೆ ಹುಂಜ ಬಿಳಿ ಟೋಪಿ ಹಾಕಿಕೊಂಡು ಹೊರಬಂದಾಗ ಅತ್ತೆಯೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಪುಡಿ ಬೇಡವೆಂದು ಬರೀ ಬಿಸಿನೀರಲ್ಲಿ, ಈ ಸಲ ಬೋರಲು ಹಾಕಿ ತೊಳೆದದ್ದಾಯಿತು. ಜಿಡ್ಡು ಹೋಗಲಿಲ್ಲ. ಅದರ ಮೇಲೆ ಸವುಳು ನೀರು ಒಣಗಿ ಪಾತ್ರೆಗಳ ಮೈಗೆಲ್ಲ ಬಿಳಿ ಪಟ್ಟೆ. ಅತ್ತೆ ಒಂದು ಗಂಗಾಳ ಎತ್ತಿ ಬೆಳಕಿಗೆ ಹಿಡಿದರು. "ವಿಭೂತಿ ಹಚ್ಚಿಕೊಂಡು ಬಂದಾವ. ಇವಕ್ಕ ಕಾಯಿ ಒಡೀಬೇಕೋ, ಇದರಾಗ ಉಣಬೇಕೋ?"

ಆಮೇಲೆ ನಗು ಮುಗಿದು ತೀರ್ಪು ಬಂತು. ಅತ್ತೆಯ ಕೆಂದ ಕೋಳಿ ಕಾವಿಗೆ ಕೂರಲು ಜಾಗ ಹುಡುಕುತ್ತಿತ್ತು. ಮುಂದಿನ ವಾರ ಗೌರಿಯ ಕುಬುಸ. ಚೊಚ್ಚಲ ಬಸುರಿಯನ್ನು ತವರಿಗೆ ಕರೆದು ಕುಪ್ಪಸ ತೊಡಿಸಿ ಉಣಿಸುವ ದಿನ. ಹಡಗಲಿಯಿಂದ ಬೀಗರು ಬರುತ್ತಾರೆ. "ಆ ದಿನದ ಪಾತ್ರಿ ಇದು ತೊಳದ್ರ ಮನ್ಯಾಗಿರಲಿ. ತೊಳೀಲಿಲ್ಲೋ, ಮುಚ್ಚಳ ಕಿತ್ತು ಹುಲ್ಲು ಹಾಸಿ ಕೋಳಿ ಕೂಡಿಸ್ತೀನಿ. ಆಮ್ಯಾಲ ಸೊಸಿ ಕೈ, ನನ್ನ ಬೂದಿ. ಮಾತು ಇಲ್ಲ."

ಇವರು ತಲೆಯಾಡಿಸಿದರು. ನಾನು ಅಡಿಗೆಮನೆಯಲ್ಲಿ ನನ್ನ ಬೆರಳುಗಳ ಪಟ್ಟಿ ಬಿಚ್ಚಿ ನೋಡಿಕೊಂಡೆ. ಊರಮ್ಮನಿಗೆ ಏನು ಹರಕೆ ಹೊತ್ತರೆ ಒಂದು ಯಂತ್ರಕ್ಕೆ ಬುದ್ಧಿ ಬಂದೀತು ಎಂದು ತಿಳಿಯದೆ, ಸುಮ್ಮನೆ ಒಂದು ಕಾಯಿ ಎಂದುಕೊಂಡೆ.

ಕುಬುಸದ ದಿನ ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ. ಯಂತ್ರವನ್ನು ಸೋಲಿಸಲೆಂದೇ ಅತ್ತೆ ಅವತ್ತು ಎಣ್ಣೆ ಹೆಚ್ಚಿಗೆ ಹಾಕಿದರೆಂದು ನನಗೆ ಈಗಲೂ ಗುಮಾನಿ. ಮಾಬುಸಾಬರೂ ಅವರ ಹೆಂಡತಿ ಹಾಜರಾಬಿಯೂ ಊಟಕ್ಕೆ ಬಂದಿದ್ದರು. ಹಾಜರಾಬಿ ನನ್ನ ವಾರಗೆಯವಳು, ನನ್ನ ಕೈ ನೋಡಿ ತಾನೇ ಮುಂದೆ ಬಂದು ಗಂಗಾಳಗಳನ್ನು ಬುಟ್ಟಿಗೆ ಜೋಡಿಸಿದಳು. ಬೀಗರೆಲ್ಲ ಎಲೆ ಅಡಿಕೆ ಹಾಕಿಕೊಂಡು ಆಟ ನೋಡುವವರಂತೆ ಹಿತ್ತಲಲ್ಲಿ ಸೇರಿದರು. ಇವರು ತಿರುಗಣೆ ತಿರುಗಿಸಿದರು. ಎಮ್ಮೆ ನರಳಿತು, ನಿಂತಿತು. ಮುಚ್ಚಳ ತೆಗೆದರು.

ಎಣ್ಣೆ ಎಲ್ಲ ಪಾತ್ರೆಗೂ ಸಮನಾಗಿ ಹಂಚಿಹೋಗಿತ್ತು. ಗಂಗಾಳ ಹಿಡಿದರೆ ಮೀನಿನಂತೆ ಜಾರುತ್ತಿತ್ತು. ಗೌರಿಯ ಅತ್ತೆ, "ಅಯ್ಯ, ಒಗ್ಗರಣಿ ಹಾಕೇ ಕೊಟ್ಟೈತಲ್ಲವ್ವ" ಎಂದರು. ಹಿತ್ತಲು ತುಂಬ ನಗು.

ಇವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕರೆಂಟಿನ ತಂತಿ ಕಿತ್ತು ಮಡಚಿ ಪಕ್ಕಕ್ಕಿಟ್ಟರು. ಬುಟ್ಟಿಗಳನ್ನು ಎತ್ತಿ ಇಳಿಸಿದರು. ಆಮೇಲೆ ತಾವೊಬ್ಬರೇ ಆ ಪೆಟ್ಟಿಗೆಯನ್ನು ಅಪ್ಪಿ, ಕೋಳಿಗೂಡಿನ ಕಡೆ ಅದನ್ನು ಇಂಚಿಂಚು ಎಳೆಯತೊಡಗಿದರು. ಅವ್ವನಿಗೆ ಕೊಟ್ಟ ಮಾತು. ನಗು ಒಂದೊಂದಾಗಿ ನಿಂತಿತು. ನಾನು ನೀರಿನ ಕೊಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನಾರು ಕೈಗೆತ್ತಿಕೊಂಡೆ. ಅಷ್ಟೊಂದು ಪಾತ್ರೆ ಇದ್ದವು.

ಅತ್ತೆ ಮಗನ ಬೆನ್ನನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಆಮೇಲೆ ಜಿಡ್ಡುಗಟ್ಟಿದ ಆ ಗಂಗಾಳಗಳನ್ನು ನೋಡಿದರು. ಅವರಿಗೆ ಯಾವುದು ಹೆಚ್ಚು ನೋವಾಯಿತೋ ನಾನು ಹೇಳಲಾರೆ. ಗಂಗಾಳದ್ದೇ ಎಂದು ಅವರು ಸಾಯುವವರೆಗೂ ಸಾಧಿಸಿದರು.

"ಲೇ, ನಿಲ್ಲು" ಎಂದರು. "ಬೂದಿ ಇಲ್ಲದ ಯಾರ ಕೈಯಾಗ ಜಿಡ್ಡು ಬಿಟ್ಟೈತಿ? ನಾ ತೊಳದ್ರೂ ಬಿಡಾಂಗಿಲ್ಲ. ಅದಕ್ಕ ಬರೀ ನೀರು ಕುಡಿಸಿ, ದುಡಿಲಿಲ್ಲ ಅಂದ್ರ ಅದರ ತಪ್ಪೇನು?"

"ಬೂದಿ ಹಾಕಿದ್ರ ರೆಕ್ಕಿ ಸವಿತಾವವ್ವ" ಎಂದರು ಇವರು, ಬೆನ್ನು ತಿರುಗಿಸದೆ.

"ಬೂದಿ ಹಾಕು ಅಂದ್ನೇನು? ತಿಳಿ ಹಾಕಬೇಕು."

ಜರಡಿ ಹಿಡಿದ ಬೂದಿಯನ್ನು ತಮ್ಮ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ, ಬಿಸಿನೀರ ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು. ನೀರು ಸ್ವಲ್ಪ ಹೊತ್ತು ನಿಂತು ತಿಳಿಯಾಯಿತು. ಬೆರಳಲ್ಲಿ ಮುಟ್ಟಿದರೆ ಹಾವಿನ ಮೈಯಂತೆ ನುಣುಪು. ಪೆಟ್ಟಿಗೆ ಮತ್ತೆ ತನ್ನ ಜಾಗಕ್ಕೆ ಬಂತು. ಅತ್ತೆ ತಾವೇ ಬಗ್ಗಿ ತಿಳಿ ಸುರಿದು, ಮುಚ್ಚಳ ಹಾಕಿ, ಹೆರಿಗೆಗೆ ಬಂದ ಎಮ್ಮೆಯ ಮೈ ಸವರುವಂತೆ ಅದರ ಪಕ್ಕೆ ಸವರಿದರು. "ಹೂಂ, ಏಳು ನನ್ನವ್ವ."

ಈ ಸಲ ನೊರೆ ಬರಲಿಲ್ಲ. ಯಂತ್ರ ನಿಂತಾಗ ಎಲ್ಲರೂ ಮಾಬುಸಾಬರ ಕಡೆ ನೋಡಿದರು. ಪಾತ್ರೆಯ ವಿಷಯದಲ್ಲಿ ನಮ್ಮ ಓಣಿಯಲ್ಲಿ ಮಾಬುಸಾಬರ ಹೆಬ್ಬೆರಳೇ ಕೋರ್ಟು. ಅವರು ಒಂದು ಗಂಗಾಳ ಎತ್ತಿ ಹೆಬ್ಬೆರಳನ್ನು ಒತ್ತಿ ಎಳೆದರು. ಅದು ಕೀಂ ಎಂದಿತು. ಎಣ್ಣೆಗಾಯಿಯ ಡಬರಿಯೊಳಗೆ ಎಳೆದರು. ಅಲ್ಲೂ ಕೀಂ. "ಯವ್ವಾ, ನನ್ನ ಕಲಾಯಿ ಹಂಗೇ ಐತಿ" ಎಂದರು. "ಜಿಡ್ಡಷ್ಟೇ ಓಡಿ ಹೋಗೈತಿ."

ಬೀಗರೆಲ್ಲ ಒಂದೊಂದು ಗಂಗಾಳ ಹಿಡಿದು ಕೀಂ ಕೀಂ ಎನ್ನಿಸತೊಡಗಿದರು. ಹಿತ್ತಲಲ್ಲಿ ಮರಿಕೋಳಿಗಳ ಸಂತೆ ಸೇರಿದ ಹಾಗೆ. ಆ ಗದ್ದಲದಲ್ಲಿ ಹಾಜರಾಬಿ ಮೂಗು ಮುಟ್ಟಿಕೊಂಡು ಕಿರುಚಿದಳು, ಮೂಗುಬೊಟ್ಟು ಇಲ್ಲ. ಎಲ್ಲರೂ ನೆಲ ತಡಕಿದರು. ಕೊನೆಗೆ ಇವರು ಯಂತ್ರದ ತಳದ ಜರಡಿ ಎತ್ತಿದರೆ ಸಾಸಿವೆ, ಕರಿಬೇವಿನ ದಂಟುಗಳ ನಡುವೆ ಅದು ಥಳಥಳ ಹೊಳೆಯುತ್ತಿತ್ತು. ಪಾತ್ರೆ ಜೋಡಿಸುವಾಗ ಬಿದ್ದದ್ದು. ಹಾಜರಾಬಿ ಅದನ್ನು ಮೂಗಿಗೆ ಹಾಕಿಕೊಂಡು, "ಹೊಸದಕ್ಕಿಂತ ಚಲೋ ಆಗೈತಿ, ಇನ್ನೊಮ್ಮೆ ಬೀಳಸ್ತೀನಿ" ಎಂದಳು.

ಸುದ್ದಿ ಹೇಗೆ ಬೆಳೆಯುತ್ತದೆಂದು ನಿಮಗೆ ಗೊತ್ತು. ಅದಾದ ಮೇಲೆ ಹಂಪಸಾಗರದಿಂದ ಒಬ್ಬ ರೈತ ಬಂದು, ಪೇಟ ತೆಗೆದು ಕೈಯಲ್ಲಿ ಹಿಡಿದು, ಕಳೆದುಹೋದ ತನ್ನ ಕೋಣ ಯಾವ ದಿಕ್ಕಿಗೆ ಹೋಗಿದೆಯೆಂದು ನಿಮ್ಮ ಮಷೀನು ಹೇಳುತ್ತದೆಯೇ ಎಂದು ಕೇಳಿದ. ಅತ್ತೆ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಯಂತ್ರದ ಮುಂದೆ ಕೂಡಿಸಿ ಚಹಾ ಕೊಟ್ಟು, "ಹೊಳಿ ಕಡಿ ನೋಡಪ್ಪ, ಕೋಣ ಇನ್ನೆಲ್ಲಿ ಹೋಗತೈತಿ ಬ್ಯಾಸಿಗ್ಯಾಗ" ಎಂದರು. ಕೋಣ ಅಲ್ಲೇ ಸಿಕ್ಕಿತು. ಅಲ್ಲಿಗೆ ನಮ್ಮ ಎಮ್ಮೆ ದೇವರಾಗುವುದೊಂದು ಬಾಕಿ.

ಬಿಳಿ ಪಟ್ಟೆಗೆ ಮದ್ದು ಹೇಳಿದ್ದು ನಾನು. ಹಿತ್ತಾಳೆ ದೀಪ ಹುಣಸೆಹಣ್ಣಿಗೆ ಹೊಳೆಯುವಾಗ ಗಂಗಾಳ ಯಾಕೆ ಹೊಳೆಯಬಾರದು? ಕೊನೆಯ ಸುತ್ತಿನ ನೀರಿಗೆ ಒಂದು ಉಂಡೆ ಹುಣಸೆಹಣ್ಣನ್ನು ಚಹಾ ಸೋಸುವ ಅರಿವೆಯಲ್ಲಿ ಕಟ್ಟಿ ಹಾಕಿದೆವು, ವಿಭೂತಿ ಅಳಿಸಿತು. ಅತ್ತೆ ಗಂಗಾಳವನ್ನು ಮುಖದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಬೆವರು ಕಂಡಿತೆಂದು ಬಾಯಿಬಿಟ್ಟು ಹೇಳಲಿಲ್ಲ, ಮೂಗು ಒರೆಸಿಕೊಂಡರು.

ಹುಣಸೆಹಣ್ಣಿನ ಕೆಲಸ ಇವರು ವಹಿಸಿಕೊಂಡರು. ಇವರು ಕಟ್ಟಿದ ಗಂಟು ಯಾವತ್ತೂ ನಿಲ್ಲುತ್ತಿರಲಿಲ್ಲ, ಬೀಜ ತೆಗೆಯುವ ತಾಳ್ಮೆಯಂತೂ ಇಲ್ಲವೇ ಇಲ್ಲ. ಕೂದಲೆಳೆಯ ತಂತಿಯನ್ನು ದಿನವಿಡೀ ಸುತ್ತುವ ಮನುಷ್ಯನಿಗೆ ಹುಣಸೆ ಬೀಜ ತೆಗೆಯಲು ಬೇಸರ.

"ಬೀಜ ತೆಗದೀರೇನ್ರಿ?"

"ತೆಗದೀನಿ."

ಅಷ್ಟರಲ್ಲಿ ಜರಡಿಯ ಮೇಲೆ ಕಟಕಟ. ಒಮ್ಮೊಮ್ಮೆ ಬೀಜ ರೆಕ್ಕೆಗೆ ಸಿಕ್ಕಿ ಯಂತ್ರ ತಡವರಿಸುತ್ತಿತ್ತು. ಆಗ ಇವರು ಮಂಡಿಯಿಂದ ಅದರ ಪಕ್ಕೆಗೆ ಮೆಲ್ಲಗೆ ಗುದ್ದಿ, ಅವ್ವನ ಹಾಗೆಯೇ, "ಏಳು ನನ್ನವ್ವ" ಎನ್ನುತ್ತಿದ್ದರು. ಈ ಪ್ರಶ್ನೆ, ಈ ಉತ್ತರ, ಈ ಕಟಕಟ ನಮ್ಮ ಸಂಸಾರದುದ್ದಕ್ಕೂ ನಡೆಯಿತು. ಬೇರೆ ಗಂಡಂದಿರು ಎಂಥೆಂಥದೋ ಸುಳ್ಳು ಹೇಳುತ್ತಾರೆ. ನನ್ನ ಗಂಡ ಹೇಳಿದ್ದು ಇದೊಂದೇ.

ಆ ಬೀಜಗಳೂ ದಂಡವಾಗಲಿಲ್ಲ. ಪಾತ್ರೆ ತಾವಾಗಿಯೇ ತೊಳೆದುಕೊಳ್ಳುವಾಗ ಹೆಂಗಸರು ಏನು ಮಾಡಬೇಕು? ಅಂಥ ಪುರುಸೊತ್ತನ್ನು ಅತ್ತೆ ಹುಟ್ಟಾ ಕಂಡವರಲ್ಲ. ಮೊದಮೊದಲು ಯಂತ್ರದ ಎದುರು ಕೈಕಟ್ಟಿ ಕೂತು ಅದು ಸರಿಯಾಗಿ ದುಡಿಯುತ್ತದೋ ಇಲ್ಲವೋ ಎಂದು ಕಾಯುತ್ತಿದ್ದರು. ಆಮೇಲೆ ಒಂದು ದಿನ ಜರಡಿಯಲ್ಲಿ ಬಂದ ಬೀಜಗಳ ಒಂದು ಮೈಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿ, ನೆಲಕ್ಕೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಗೀಚಿದರು. ಅತ್ತೆ, ಹಾಜರಾಬಿ, ನಾನು. ಮಧ್ಯಾಹ್ನದ ಊಟವಾದರೆ ಎಮ್ಮೆ ನರಳಲು ಶುರು, ನಮ್ಮ ಆಟ ಶುರು. ಅತ್ತೆ ಆಟದಲ್ಲಿ ಮಹಾ ಮೋಸಗಾತಿ. ಬಿದ್ದ ಗರ ಕಣ್ಣೆದುರಿಗಿದ್ದರೂ ಎಮ್ಮೆಯ ಕಡೆ ಬೆರಳು ಮಾಡಿ, "ಅಲ್ಲಿ ನೀರು ಸೋರಾಕತ್ತೈತಿ ನೋಡು" ಎನ್ನುವರು. ನಾವು ತಿರುಗಿ ನೋಡುವುದರೊಳಗೆ ಅವರ ಕಾಯಿ ಹಣ್ಣಾಗಿರುತ್ತಿತ್ತು. ಕೆಂದ ಕೋಳಿಯೂ ಸೋಲಲಿಲ್ಲ. ಯಂತ್ರದ ಬೆನ್ನಹಿಂದಿನ ಬೆಚ್ಚನೆಯ ಸಂದಿಯಲ್ಲಿ ಕಾವಿಗೆ ಕೂತು ಮರಿ ಎಬ್ಬಿಸಿತು. ನನ್ನ ಬೆರಳುಗಳೂ ಕೂಡಿಕೊಂಡವು. ರೊಟ್ಟಿ ಬಡಿಯುವ ಸದ್ದು ಅಕ್ಕಪಕ್ಕಕ್ಕೆ ಕೇಳುವಷ್ಟು.

ಬಂದವರಿಗೆ ಅತ್ತೆ ಯಂತ್ರ ತೋರಿಸುವಾಗ ಹೇಳುತ್ತಿದ್ದುದು ಇಷ್ಟೇ. "ನನ್ನ ಬೂದಿ ಇಲ್ಲಂದ್ರ ಇದು ಬರೀ ಡಬ್ಬಿ."

ಅದಕ್ಕೆ ಬಾರದ ಕೆಲಸಗಳೂ ಇದ್ದವು. ಹಾಲು ಕಾಸಿದ ಪಾತ್ರೆಯ ತಳಕ್ಕೆ ಅದು ಹೆದರುತ್ತಿತ್ತು. ಸೀದ ಅನ್ನಕ್ಕೆ ಬೆನ್ನು ತೋರಿಸುತ್ತಿತ್ತು. ಅವನ್ನು ಅತ್ತೆ ಹಟಕ್ಕೆ ಬಿದ್ದು ತಾವೇ ತಿಕ್ಕುತ್ತಿದ್ದರು. ಉಳಿದಂತೆ ಕರೆಂಟು ಕುಣಿದರೂ, ನೀರು ಸುಣ್ಣ ಕಾರಿದರೂ ಅದು ಜಗ್ಗಲಿಲ್ಲ. ರಬ್ಬರು ಹೋದಾಗ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರು. ಬೇರಿಂಗು ಹೋದಾಗ ಪಂಪ್‌ಸೆಟ್ಟಿನದು ಕೂತಿತು. ರೆಕ್ಕೆ ಸವೆದಾಗ ಮಾಬುಸಾಬರು ಹಿತ್ತಾಳೆಯಲ್ಲಿ ಬಡಿದುಕೊಟ್ಟರು. ಅವರು ಹೋಗಿ ಎಷ್ಟೋ ವರ್ಷ, ರೆಕ್ಕೆ ಇನ್ನೂ ಅದೇ. ಅತ್ತೆ ಹೋದ ಮೇಲೂ ಬೂದಿಯ ಗಂಟಿಗೆ ಅವರ ಸೀರೆಯ ತುಂಡೇ. ಇದರಲ್ಲಿ ಹಳೆಯದು ಇನ್ನೇನು ಉಳಿದಿದೆ ಎಂದು ಒಮ್ಮೆ ಕೇಳಿದ್ದಕ್ಕೆ ಇವರು ಯೋಚಿಸಿ, "ನರಳಾದು" ಎಂದಿದ್ದರು. ಗೌರಿಯ ಮಗಳು ಹೊಚ್ಚ ಹೊಸ ಯಂತ್ರ ಕೊಂಡಿದ್ದಾಳೆ. ಅದರೊಳಗಿನ ಒಂದು ಕಾರ್ಡು ಸುಟ್ಟು, ಆ ಕಾರ್ಡು ಈಗ ಎಲ್ಲೂ ಸಿಗುವುದಿಲ್ಲವೆಂದು ಅದರ ಮೇಲೆ ಹೂಕುಂಡ ಇಟ್ಟಿದ್ದಾಳೆ.

ಗುಜರಿ ಗಾಡಿಯ ಧ್ವನಿ ಮತ್ತೆ ಕೇಳುತ್ತಿದೆ. ನಾನು ಎದ್ದೆ.

ಮುಚ್ಚಳ ತೆಗೆದೆ. ಒದ್ದೆ ಬೂದಿಯ, ಹುಳಿಯ, ಮುಚ್ಚಿಟ್ಟ ಮನೆಯ ವಾಸನೆ. ಪಾತ್ರೆಗಳು ಇಟ್ಟಲ್ಲೇ ಒಣಗಿ ಕೂತಿದ್ದವು. ಇವರ ಚಹಾದ ಲೋಟ ಮೂಲೆಯಲ್ಲಿ ಬೋರಲು. ಎತ್ತಿ ಬೆಳಕಿಗೆ ಹಿಡಿದೆ. ಒಂದು ಬೆರಳ ಗುರುತಾದರೂ, ತುಟಿ ತಾಗಿದ ಅಂಚಿಗೆ ಒಂದು ಚಹಾದ ಗೆರೆಯಾದರೂ ಇದ್ದೀತೆಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ಹೆಬ್ಬೆರಳು ಒತ್ತಿದರೆ ಕೀಂ ಎಂದಿತು. ಕೆಳಗಿನ ಗಂಗಾಳದಲ್ಲಿ ನನ್ನ ಮುಖ ಕಂಡಿತು, ಮೂಗಿನ ಮೇಲಿನ ಹನಿಯೂ ಕಂಡಿತು. ಬೆವರಲ್ಲ. ಇಷ್ಟು ಚೊಕ್ಕಟ ತೊಳೆಯೆಂದು ನಿನಗೆ ಯಾರು ಹೇಳಿದ್ದರು ಎಂದು ಜೀವಮಾನದಲ್ಲಿ ಮೊದಲ ಸಲ ಆ ಎಮ್ಮೆಯ ಮೇಲೆ ಸಿಟ್ಟು ಬಂತು.

ಬುಟ್ಟಿಗಳನ್ನು ಎತ್ತಿಟ್ಟೆ. ತಳದ ಜರಡಿಯ ಮೇಲೆ ಚಹಾ ಸೋಸುವ ಅರಿವೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಸುತ್ತ ಹುಣಸೆ ಬೀಜ. ಒಂದೂ ತೆಗೆದಿರಲಿಲ್ಲ.

"ತೆಗದೀನಿ ಅಂದ್ರಲ್ಲರೀ" ಎಂದೆ. ಎಂದವಳೇ ನಗತೊಡಗಿದೆ. ಹುಂಜ ನೊರೆಯಿಂದ ಹೊರಬಂದ ದಿನ ಕೂತಂತೆ ನೆಲಕ್ಕೆ ಕೂತು, ತಡೆಯಲಾಗದೆ, ಸೆರಗು ಒದ್ದೆಯಾಗುವವರೆಗೆ ನಕ್ಕೆ.

ಗೋಡೆಯ ಮೇಲೆ ಹಾಜರಾಬಿಯ ಬಿಳಿ ತಲೆ ಕಾಣಿಸಿತು. "ಯಾರ ಜೋಡಿ ಮಾತಾಡಾಕತ್ತೀಯೇ?"

"ಬಾ ಇಲ್ಲಿ, ಬೀಜ ಬಂದಾವ."

ಅವಳು ಬರುವಷ್ಟರಲ್ಲಿ ಗುಜರಿಯವನೂ ಅವನ ಜೊತೆಗಾರನೂ ಬಂದರು. ಬಿಸಿಲಲ್ಲಿ ಬಂದಿದ್ದಾರೆ, ಕೂಡಿರೆಂದೆ. ಚಹಾ ಮಾಡಿ, ಜೊತೆಗಾರನಿಗೆ ಸ್ಟೀಲಿನ ಲೋಟದಲ್ಲಿ, ಗುಜರಿಯವನಿಗೆ ಆ ಗಾಜಿನ ಲೋಟದಲ್ಲಿ ಕೊಟ್ಟೆ. ಅವನು ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಸದ್ದು ಮಾಡಿಕೊಂಡು ಸುಖವಾಗಿ ಕುಡಿದ. ಲೋಟದ ತಳದಲ್ಲಿ ಚಹಾ ಉಳಿಯಿತು, ಅಂಚಿಗೆ ಒಂದು ಗೆರೆ ಬಿತ್ತು.

"ಎತ್ತಾಣೇನಮ್ಮ?"

"ಬ್ಯಾಡಪ್ಪ. ಮುಸುರಿ ಬಿದ್ದೈತಿ, ತೊಳಿಯಾದೈತಿ."

ಅವನು ಕೈಯೊಳಗಿನ ಲೋಟ ನೋಡಿದ, ಯಂತ್ರ ನೋಡಿದ. "ಇದು ನಡಿತೈತೇನು?"

"ಕೂಡು, ನೋಡಿಯಂತ."

ಬುಟ್ಟಿ ಇಳಿಸಿ, ಎರಡೂ ಲೋಟ ಬೋರಲು ಹಾಕಿ, ಹಂಡೆಯಿಂದ ಬಿಸಿನೀರು ತಂದೆ. ಬಚ್ಚಲ ಒಲೆಯ ಬೂದಿ ಜರಡಿ ಹಿಡಿದು, ಅತ್ತೆಯ ಸೀರೆಯ ತುಂಡಿನಲ್ಲಿ ಕಟ್ಟಿ ತಿಳಿ ತೆಗೆದು ಸುರಿದೆ. ಎರಡೇ ಲೋಟಕ್ಕೆ ಇಷ್ಟು ಸಡಗರವೇನೆ ಎಂದು ಹಾಜರಾಬಿ ಬೈಯುತ್ತ, ನೆಲಕ್ಕೆ ಕೂತು ಬೀಜಗಳನ್ನು ಕಲ್ಲಿಗೆ ತೇಯಲು ಶುರುಮಾಡಿಯೇಬಿಟ್ಟಿದ್ದಳು. ತಿರುಗಣೆ ತಿರುಗಿಸಿದೆ. ಟಿಕ್ ಟಿಕ್ ಎಂದು ಅಲ್ಲಿಗೇ ನಿಂತಿತು. ಇಷ್ಟು ದಿನ ಯಾರೂ ಮುಟ್ಟಿರಲಿಲ್ಲವಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಮಂಡಿಯಿಂದ ಅದರ ಪಕ್ಕೆಗೆ ಮೆಲ್ಲಗೆ ಗುದ್ದಿದೆ. "ಏಳು ನನ್ನವ್ವ."

ಗುರ್ ಎಂದು ನರಳಿತು. ಗುಜರಿಯವನು ಬೆಚ್ಚಿ ಕಾಲು ಮೇಲೆತ್ತಿಕೊಂಡ.

ಕೊನೆಯ ಸುತ್ತಿಗೆ ಬೇಕೆಂದು ಅಡಿಗೆಮನೆಗೆ ಹೋಗಿ ಹುಣಸೆಹಣ್ಣು ತಂದು ಅರಿವೆಯಲ್ಲಿ ಕಟ್ಟಿದೆ. ಬೀಜ ತೆಗೆಯಲಿಲ್ಲ.